ಕೇಸರಿಯ ತಂಗಿ

ಸೊಕ್ಕೆ, ಜಗಳೂರು ತಾಲ್ಲೂಕು
6 ನವೆಂಬರ್ 2024

ವಾಣಕ್ಕ,

ಫೋನ್ ಇರೋ ಕಾಲದಲ್ಲಿ ಇವಳಿಗೆ ಕಾಗದದ ಹುಚ್ಚು ಯಾಕೆ ಅಂತ ನಗಬೇಡ. ನನ್ನ ಮೊಬೈಲು ಒಡೆದು ತಿಂಗಳಾತು. ಮನೇಲಿರೋದು ಅತ್ತೆಯ ಗುಂಡಿ ಒತ್ತೋ ಫೋನು, ಅದರಲ್ಲಿ ಫೋಟೋ ತೆಗೆಯಾಕೆ ಬರಲ್ಲ. ಇವರು ಮೆಕ್ಕೆಜೋಳದ ಮಿಷನ್ ಜೊತೆ ಚಿತ್ರದುರ್ಗದ ಕಡೆ ಹೋದವರು ವಾರಕ್ಕೊಂದು ಸಲ ಬರ್ತಾರೆ. ಅದಕ್ಕೆ ಹೂವನ್ನೇ ಕಳಿಸ್ತಿದೀನಿ. ಹಳೇ ಪಂಚಾಂಗದ ಹಾಳೆ ನಡುವೆ ಎರಡು ಒತ್ತಿಟ್ಟಿದೀನಿ, ಹುಷಾರಾಗಿ ಬಿಚ್ಚು.

ಇದು ನಮ್ಮ ಹಿತ್ತಲಲ್ಲಿ, ಹಳೇ ಹಗೇವಿನ ಮೇಲೆ ಬಂದಿದ್ದು. ಮಾವನ ಕಾಲದಲ್ಲಿ ನೆಲದೊಳಗೆ ಜೋಳ ತುಂಬಿಡ್ತಿದ್ದ ಗುಂಡಿ ಅದು. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿ ಇಪ್ಪತ್ತು ವರ್ಷ ಆಗೈತಂತೆ. ಇವತ್ತಿಗೂ ಅದರ ಮೇಲೆ ನಡೆದ್ರೆ ಡಬ್ ಡಬ್ ಅಂತೈತೆ.

ಮೊದಲು ಎಲೆ ಬಂತು. ಗಿಡಕ್ಕೆ ಒಂದೇ ಎಲೆ, ಯಾರೋ ರಿಬ್ಬನ್ ಬಿಚ್ಚಿ ಎಸೆದಂಗೆ ಉದ್ದಕ್ಕೆ ನೆಲದ ಮೇಲೆ ಬಿದ್ದಿರ್ತೈತೆ. ದೀಪಾವಳಿ ಹೊತ್ತಿಗೆ ದಂಟು, ಈಗ ಹೂ. ಮಾವಿನ ಹಣ್ಣಿನ ಒಳಗಿನ ಬಣ್ಣ, ನಡುವೆ ಇನ್ನೂ ಹಳದಿ. ಬೆಳಿಗ್ಗೆ ನೋಡಿದ್ರೆ ಬರೀ ಹಸಿರು ಕಡ್ಡಿ. ಮಧ್ಯಾಹ್ನ ಮೂರರ ಮೇಲೆ ಎಲ್ಲಾ ಒಟ್ಟಿಗೆ ಬಿಚ್ಕೊಂತವೆ ಅಕ್ಕ, ನಾನು ನಿಂತು ನೋಡಿದೀನಿ. ದೀಪ ಹಚ್ಚೋ ಹೊತ್ತಿಗೆ ಒದ್ದೆ ಬಟ್ಟೆ ಥರ ಮುದುರಿ ಮುಗೀತು. ಮಾರನೇ ದಿನ ಅದೇ ದಂಟಿನಲ್ಲಿ ಇನ್ನೊಂದು. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದಲ್ಲ. ಎಲ್ಲಿಂದ ಬಂತು?

ಗೊತ್ತಿಲ್ಲದ ಹೂವನ್ನ ಶಿವನಿಗೆ ಇಡೋದು ಹೆಂಗೆ ಅಂತ ಅತ್ತೆ ಕೇಳ್ತಾರೆ. ನೀನು ಕಾಲೇಜಲ್ಲಿ ಇದನ್ನೇ ಪಾಠ ಮಾಡೋಳು, ನೋಡಿ ಹೇಳು.

ಈ ಸಲ ಕಟಾವಿಗೆ ನಾನು ಹೊಲಕ್ಕೆ ಹೋಗ್ತಿಲ್ಲ, ಮನೇಲೇ ಇರ್ತೀನಿ. ಬೇರೆ ಸುದ್ದಿ ಏನೂ ಇಲ್ಲ.

ಮೇಘಾ


ಹೊನ್ನಾಳಿ
14 ನವೆಂಬರ್ 2024

ಪ್ರೀತಿಯ ಮೇಘಾ,

ಎರಡರಲ್ಲಿ ಒಂದು ಹೂ ಪಂಚಾಂಗದ ಹಾಳೆಗೆ ಅಂಟಿಕೊಂಡು ಹರಿದುಹೋಯಿತು. ಇನ್ನೊಂದು ಚೆನ್ನಾಗಿದೆ. ತರಗತಿಗೆ ಒಯ್ದು ಮಕ್ಕಳಿಗೆ ತೋರಿಸಿದೆ. ನಮ್ಮ ಕಡೆ ಇಂಥದ್ದು ನಾನು ನೋಡಿರಲೇ ಇಲ್ಲ.

ನಿನಗೂ ಪಾಠ ಮಾಡಿಬಿಡುತ್ತೇನೆ, ಕೇಳು. ದಳ ಆರು. ಬೀಜ ಕಟ್ಟುವ ಅಂಡಾಶಯ ಹೂವಿನ ಒಳಗಿಲ್ಲ, ಕೆಳಗೆ ದಂಟಿನ ಭಾಗವೇನೋ ಅನ್ನುವಂತೆ ಕೂತಿದೆ. ಕೇಸರ ಮೂರೇ ಮೂರು. ಲಿಲ್ಲಿ ಹೂವಾಗಿದ್ದರೆ ಆರು ಇರಬೇಕಿತ್ತು. ಆರು ದಳ, ಮೂರು ಕೇಸರ ಅಂದ ಮೇಲೆ ಅನುಮಾನವೇ ಬೇಡ, ಇದು ಐರಿಸ್ ಕುಟುಂಬ. ಅಗೆದು ನೋಡಿದರೆ ಕೆಳಗೆ ಗೆಡ್ಡೆಯೂ ಇರುತ್ತದೆ. ಮದುವೆ ಮಂಟಪಕ್ಕೆ ಕಟ್ಟುವ ಗ್ಲಾಡಿಯೋಲಸ್ ಇದೇ ಕುಟುಂಬದ್ದು, ಕಾಶ್ಮೀರದ ಕೇಸರಿಯೂ ಇದೇ ಕುಟುಂಬದ್ದು. ಒಟ್ಟಿನಲ್ಲಿ ನಿಮ್ಮ ಹಗೇವಿನ ಮೇಲೆ ಬಂದು ಕೂತಿರುವವಳು ಕೇಸರಿಯ ತಂಗಿ. ನಾನು ದೊಡ್ಡಪ್ಪನ ಮಗಳು, ನೀನು ಚಿಕ್ಕಪ್ಪನ ಮಗಳು ಇದ್ದ ಹಾಗೆ. ಕುಟುಂಬದೊಳಗೆ ಯಾವ ಕುಲ, ಯಾವ ಪ್ರಭೇದ ಅನ್ನುವುದನ್ನು ಬಿಡುವಾದಾಗ ನೋಡುತ್ತೇನೆ.

ಎಲ್ಲಿಂದ ಬಂತು ಅಂದರೆ ಏನು ಹೇಳಲಿ? ಯಾವುದೋ ಹಕ್ಕಿ ತಂದಿರಬೇಕು. ಪೂಜೆಗೆ ಧಾರಾಳವಾಗಿ ಇಡಿ.

ಹೊಲಕ್ಕೆ ಹೋಗುತ್ತಿಲ್ಲ ಅಂದೆಯಲ್ಲ, ಅತ್ತೆಯ ಜೊತೆ ಏನಾದರೂ ಮಾತು ಬಂತಾ? ದ್ಯಾಮಮ್ಮನವರು ಬಾಯಿ ಜೋರು, ಮನಸ್ಸು ಒಳ್ಳೆಯದು. ಸ್ವಲ್ಪ ಹೊಂದಿಕೊಂಡು ಹೋಗು.

ನಿನ್ನ ವಾಣಕ್ಕ


ಸೊಕ್ಕೆ
26 ನವೆಂಬರ್ 2024

ವಾಣಕ್ಕ,

ನಿನ್ನ ಕಾಗದ ಅಡುಗೆಮನೇಲಿ ಕೂತು ಗಟ್ಟಿಯಾಗಿ ಓದಿದೆ. ಮೂರು ಕೇಸರ ಅಂದಿದ್ದೇ ತಡ, ಅತ್ತೆ ರೊಟ್ಟಿ ಬಡಿಯೋದು ಬಿಟ್ಟು ಎದ್ದು ಬಂದ್ರು.

"ಕೇಸರೀನಾ?"

"ಅಲ್ಲ ಅತ್ತೆ, ಕೇಸರ ಅಂದ್ರೆ ಹೂವಿನೊಳಗಿನ ಕಡ್ಡಿ. ಇದು ಕೇಸರಿಗೆ ತಂಗಿ ಆಗ್ಬೇಕಂತೆ."

"ತಂಗಿ ಅಂದ್ಮೇಲೆ ರಕ್ತ ಒಂದೇ ಅಲ್ಲೇನವ್ವ? ಕಾಶ್ಮೀರದ್ದು ತರಾಕೆ ನಮ್ಮ ಕೈಲಿ ಆಗಲ್ಲ ಅಂತ ಆ ಶಿವನೇ ಹಿತ್ತಲಿಗೆ ಕಳಿಸ್ಯಾನೆ!"

ಅವತ್ತಿಂದ ದಿನಾ ಮೂರು ಗಂಟೆಗೆ ಬೆಳ್ಳಿ ಬಟ್ಟಲು ಹಿಡ್ಕೊಂಡು ಹೋಗ್ತಾರೆ. ಹೂ ಬಿಚ್ಚೋದನ್ನೇ ಕಾದಿದ್ದು ಒಂದೊಂದು ಕೇಸರಾನೂ ಉಗುರಲ್ಲಿ ಬಿಡಿಸಿ ತಂದು ಬಿಳೀ ಪಂಚೆ ಮೇಲೆ ಒಣಗಿಸ್ತಾರೆ. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ನೋಡೇ ಇರಲಿಲ್ಲ. ನಮ್ಮಿಬ್ಬರ ನಡುವೆ ಜಗಳ ಏನೂ ಇಲ್ಲ ಅಕ್ಕ, ಹೂವಿಗಿಂತ ಹೆಚ್ಚು ನೋಡ್ಕೊಂತಾರೆ.

ಒಂದು ಕೆಟ್ಟದ್ದೂ ಆತು. ನಮ್ಮ ಓಣಿಯ ಕುರಿ ಕಾಯೋ ರಂಗಣ್ಣ ಹೊಸದಾಗಿ ಆರು ಕುರಿ ಕೊಂಡು ತಂದಿದ್ದ. ಅದರಲ್ಲಿ ನಾಲ್ಕು ನಮ್ಮ ಬೇಲಿ ನುಗ್ಗಿ ಹಗೇವಿನ ಮೇಲೆ ಮಲಗಿದ್ವು. ಮಲಗಿದಾವೆ ಅಂತಲೇ ತಿಳ್ಕೊಂಡ್ವಿ. ಕಣ್ಣು ಬಿಟ್ಟಿದ್ವು, ಉಸಿರಿತ್ತು, ಎಬ್ಬಿಸಿದ್ರೆ ಹಿಂಗಾಲು ಎಳೀತಿದ್ವು. ಸಂಜೆ ಹೂ ಮುದುರೋ ಹೊತ್ತಿಗೆ ಒಂದಾದ ಮೇಲೊಂದು ಹೋದ್ವು, ಸದ್ದೇ ಇಲ್ಲ. ಇಲ್ಲೇ ಹುಟ್ಟಿದ ಹಳೇ ಕುರಿಗಳು ಮಾತ್ರ ಆ ಕಡೆ ಬರೋದೇ ಇಲ್ಲ. ಬೇಲಿ ತನಕ ಬಂದು, ಸಾಲಾಗಿ ನಿಂತು, ನೋಡಿ ವಾಪಸ್ ಹೋಗ್ತವೆ.

ಹಗೇವಿನ ಕೆಟ್ಟ ಗಾಳಿ ಮೇಲೆ ಬಂದೈತೆ ಅಂತಾನೆ ರಂಗಣ್ಣ. ಹಿಂದೆ ಜೋಳ ತೆಗೆಯಾಕೆ ಇಳಿದ ಆಳೊಬ್ಬ ಮೇಲೆ ಬರಲಿಲ್ಲವಂತೆ. ಅತ್ತೆ ಮುಂದೆ ಆ ಮಾತು ಎತ್ತಬೇಡ ಅಂದೆ.

ಹೂವಿಗೆ ಗಂಟೆ ಎಷ್ಟು ಅಂತ ಹೆಂಗೆ ಗೊತ್ತಾಗ್ತೈತೆ ಅಕ್ಕ? ಮೋಡ ಇದ್ದ ದಿನಾನೂ ಅದೇ ಮೂರು ಗಂಟೆಗೇ ಬಿಚ್ಚಿದ್ವು.

ಮೇಘಾ


ಹೊನ್ನಾಳಿ
4 ಡಿಸೆಂಬರ್ 2024

ಪ್ರೀತಿಯ ಮೇಘಾ,

ಕುರಿಗಳ ವಿಷಯ ಓದಿದ ಮೇಲೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಉಳಿದಿದ್ದ ಹೂವನ್ನು ಬಿಸಿನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ, ಮಸೂರದ ಕೆಳಗಿಟ್ಟು ನೋಡಿದೆ.

ಕೇಸರಿಯಲ್ಲಿ ಮೂರು ಕೇಸರಗಳು ಬಿಡಿಬಿಡಿಯಾಗಿರುತ್ತವೆ. ಗ್ಲಾಡಿಯೋಲಸ್‌ನಲ್ಲೂ ಬಿಡಿ, ಮೂರೂ ಒಂದೇ ಪಕ್ಕಕ್ಕೆ ಬಾಗಿರುತ್ತವೆ. ನಿಮ್ಮ ಹೂವಿನಲ್ಲಿ ಮೂರೂ ಕೇಸರಗಳ ಕಾಲು ಕೂಡಿಕೊಂಡು ಒಂದು ಕೊಳವೆಯಾಗಿ ನಡುವಿನ ಕಡ್ಡಿಯನ್ನು ಅಪ್ಪಿ ಹಿಡಿದಿವೆ. ಒಂದೇ ಎಲೆ ಅಂತಲೂ ನೀನು ಬರೆದಿದ್ದೆ. ಇದು ದಕ್ಷಿಣ ಆಫ್ರಿಕದ ಮೊರಿಯಾ ಅನ್ನುವ ಕುಲ. ಇಂಥವನ್ನು ಮೊದಲು ಹೋಮೇರಿಯಾ ಅಂತ ಬೇರೆ ಕುಲವಾಗಿ ಇಟ್ಟಿದ್ದರು, ಈಗ ಮೊರಿಯಾದೊಳಗೇ ಸೇರಿಸಿದ್ದಾರೆ. ಹೆಸರು ಯಾವುದಾದರೂ ಇರಲಿ, ಈ ಗುಂಪಿನ ಗಿಡ ದನಕುರಿಗೆ ವಿಷ. ಹೃದಯದ ಬಡಿತವನ್ನೇ ಹಿಡಿದು ನಿಲ್ಲಿಸುತ್ತದೆ. ಅದೇ ನೆಲದಲ್ಲಿ ಬೆಳೆದ ಪ್ರಾಣಿ ಮುಟ್ಟುವುದಿಲ್ಲ, ಹೊರಗಿನಿಂದ ತಂದದ್ದು ತಿಂದು ಸಾಯುತ್ತದೆ ಅಂತ ಪುಸ್ತಕದಲ್ಲೇ ಇದೆ. ಹಗೇವಿನ ಗಾಳಿಯ ತಪ್ಪೇನೂ ಇಲ್ಲ.

ನಿನ್ನೆ ನಿಮ್ಮ ಅತ್ತೆಯ ಫೋನಿಗೆ ಮಾಡಿದ್ದೆ. "ಮಲಗ್ಯಾಳವ್ವ, ಎಬ್ಬಿಸಲ್ಲ. ನಿನ್ನ ಕಾಗದ ಬಂದ ಮೇಲೆ ನಮ್ಮನೆಗೆ ಕಳೆ ಬಂತು. ನಿನ್ನ ವಿದ್ಯೆಗೆ ಕೈ ಮುಗೀತೀನಿ" ಅಂದರು. ಅಷ್ಟು ಹೇಳಿದ ಮೇಲೆ ಏನಂತ ಬಾಯಿ ಬಿಡಲಿ? ಸುಮ್ಮನೆ ಮಾಡಿದ್ದೆ ಅಂತ ಇಟ್ಟುಬಿಟ್ಟೆ. ನೀನೇ ಸಮಯ ನೋಡಿ ಹೇಳು. ಕುರಿ ಬಿಡಬೇಡಿ, ಹೂ ಮುಟ್ಟಿದರೆ ಕೈ ತೊಳೆಯಿರಿ, ಪ್ರಸಾದ ಅಂತ ಯಾರೂ ಬಾಯಿಗೆ ಹಾಕಿಕೊಳ್ಳಬಾರದು.

ಹಗಲು ಹೊತ್ತಿನಲ್ಲಿ ಯಾಕೆ ಮಲಗಿದ್ದೆ? ಹುಷಾರಾಗಿದ್ದೀಯ ತಾನೇ?

ವಾಣಿ


ಸೊಕ್ಕೆ
6 ಡಿಸೆಂಬರ್ 2024

ವಾಣಕ್ಕ,

ಇಷ್ಟು ದಿನ ನಿನ್ನ ಹತ್ರ ಒಂದು ಮಾತು ಮುಚ್ಚಿಟ್ಟಿದ್ದೆ. ಈಗ ನನಗೆ ಐದು ತಿಂಗಳು. ಹಿಂದೆ ಮೂರು ಸಲ ಎಲ್ಲರಿಗೂ ಹೇಳಿ, ಮೂರು ಸಲಾನೂ ಕಳ್ಕೊಂಡೆ. ಅದಕ್ಕೆ ಈ ಸಲ ಐದು ತುಂಬೋ ತನಕ ತವರಿಗೂ ಹೇಳಬಾರದು ಅಂತ ನಾನೂ ಅತ್ತೆನೂ ಮಾತಾಡ್ಕೊಂಡಿದ್ವಿ. ಬೇಜಾರು ಮಾಡ್ಕೋಬೇಡ.

ಇನ್ನೊಂದು ಹೇಳ್ತೀನಿ, ಅದಕ್ಕೆ ನಿನಗೇ ಪುಣ್ಯ ಬರ್ಬೇಕು. ನೀನು ಕೇಸರಿಯ ತಂಗಿ ಅಂತ ಬರೆದ ಮೇಲೆ ಅತ್ತೆ ದಿನಾ ನನಗೆ ಅದನ್ನ ಹಾಲಿಗೆ ಹಾಕಿ ಕೊಡ್ತಿದಾರೆ. ಬಸುರಿಯರು ಕೇಸರಿ ಹಾಲು ಕುಡೀಬೇಕಲ್ಲ. ಇದು ಅಂಗಡಿಯ ಕೇಸರಿಯಂಗೆ ಬಣ್ಣ ಬಿಡಲ್ಲ, ಸ್ವಲ್ಪ ಕಹಿ. ಬೆಲ್ಲ ಜಾಸ್ತಿ ಹಾಕಿ, ಪಕ್ಕದಲ್ಲೇ ಕೂತು, ಲೋಟ ಖಾಲಿ ಆಗೋ ತನಕ ಬೆನ್ನು ಸವರ್ತಾರೆ. ನಮ್ಮವ್ವ ಇದ್ದಿದ್ರೂ ಇಷ್ಟು ಮಾಡ್ತಿದ್ಲೋ ಇಲ್ಲವೋ.

ನಾಲ್ಕು ದಿನದಿಂದ ನನಗೆ ಏನೋ ಆಗ್ತೈತೆ, ಹೆಂಗೆ ಹೇಳಬೇಕೋ ತಿಳೀವಲ್ದು. ಎಲ್ಲಾ ಹಳದಿ ಕಾಣ್ತೈತೆ ಅಕ್ಕ. ಗೋಡೆ ಸುಣ್ಣ, ಅನ್ನ, ಅತ್ತೆಯ ಬಿಳೀ ಕೂದಲು. ಅವರ ಮುಖದ ಸುತ್ತ, ಫೋಟೋದಲ್ಲಿ ದೇವರಿಗೆ ಇರ್ತೈತಲ್ಲ, ಹಂಗೆ ಒಂದು ಬೆಳಕಿನ ಬಳೆ. ಅತ್ತೆಗೆ ಹೇಳಿದೆ. ಅವರು ಅತ್ತುಬಿಟ್ರು. "ಒಳಗಿರೋದು ಸಾಮಾನ್ಯ ಕೂಸಲ್ಲ ಕಣವ್ವ" ಅಂದ್ರು.

ಅನ್ನ ಸೇರಲ್ಲ, ಅದು ಇದ್ದಿದ್ದೇ. ಎದೆ ನಿಧಾನಕ್ಕೆ ಬಡೀತೈತೆ. ಯಾರೋ ಬಾಗಿಲು ಬಡಿದು, ಒಳಗಿಂದ ಓಗೊಡ್ತಾರೇನೋ ಅಂತ ಕಾದು, ಮತ್ತೆ ಬಡಿದಂಗೆ. ಮೂರು ಗಂಟೆಗೆ ನಾನೂ ಹೋಗಿ ಹಗೇವಿನ ಮೇಲೆ ಕೂರ್ತೀನಿ. ಹೂ ಬಿಚ್ಚೋವಾಗ ಕೆಳಗಿನ ಟೊಳ್ಳಿನಲ್ಲೂ ಅದೇ ಬಡಿತ ಕೇಳ್ತೈತೆ. ನನ್ನದೋ, ಕೂಸಿಂದೋ, ನೆಲದ್ದೋ ಗೊತ್ತಾಗಲ್ಲ. ಹಿಂದಿನ ಮೂರು ಸಲಾನೂ ದಿನಾ ಹೆದರಿ ಸತ್ತಿದ್ದೆ. ಈ ಸಲ ಒಂಚೂರೂ ಹೆದರಿಕೆ ಆಗ್ತಿಲ್ಲ.

ಅಕ್ಷರ ಸೊಟ್ಟ ಆಗಿದ್ರೆ ಬೈಬೇಡ, ಹಾಳೆ ಮೇಲೆ ಗೆರೆ ಕಾಣ್ತಿಲ್ಲ.

ನಿನ್ನ ಮೇಘಾ


ದಾವಣಗೆರೆ, ಆಸ್ಪತ್ರೆಯ ವರಾಂಡ
11 ಡಿಸೆಂಬರ್ 2024

ಮೇಘಾ,

ನನ್ನನ್ನು ಒಳಗೆ ಬಿಡುತ್ತಿಲ್ಲ. ಇದನ್ನು ನರ್ಸ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನಗೆ ಕಣ್ಣು ಸರಿಯಾದ ಮೇಲೆ ಓದು, ಅಲ್ಲಿಯವರೆಗೆ ದಿಂಬಿನ ಕೆಳಗಿರಲಿ.

ನಿನ್ನ ಕಾಗದ ನಿನ್ನೆ ಹನ್ನೊಂದಕ್ಕೆ ಕಾಲೇಜಿಗೆ ಬಂತು. ಹಾಲು ಅನ್ನುವಲ್ಲಿಗೆ ಓದಿ ನಿಂತಲ್ಲಿಂದಲೇ ಫೋನ್ ಮಾಡಿದೆ. ಎತ್ತಿದ್ದು ನಿಮ್ಮ ಅತ್ತೆ. ನಾನು ವಿಷದ ಬಗ್ಗೆ ಬರೆದ ಕಾಗದ ಸೋಮವಾರವೇ ನಿಮ್ಮನೆ ಸೇರಿತ್ತಂತೆ. "ಓದಾಕೆ ಕೊಟ್ರೆ ಹಳದಿ ಹಾಳೆ ಮ್ಯಾಲೆ ಹಳದಿ ಅಕ್ಷರ ಐತೆ ಅಂದ್ಲು, ಹಂಗೇ ಮಡಚಿ ಗೂಡಿನಲ್ಲಿ ಇಟ್ಟೀವಿ" ಅಂದರು. ಅವರಿಗೆ ಓದು ಬರುವುದಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

"ಆ ಹಾಲು ಕೊಡಬೇಡಿ" ಅಂದೆ.

"ಯಾಕವ್ವ?"

"ಅದು ವಿಷ."

ಅವರು ಫೋನನ್ನು ಇಡಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ನಾನು ಕೂಗಿಕೊಂಡೆ, ಮತ್ತೆ ಕೂಗಿಕೊಂಡೆ. ಕೊನೆಗೆ ನಿನ್ನ ಗಂಡ ಪ್ರಸನ್ನಕುಮಾರ್‌ಗೆ ಮಾಡಿದೆ. ಅವರು ಅಲ್ಲಿಂದಲೇ ಪಕ್ಕದ ಮನೆಯವರಿಗೆ ಹೇಳಿ, ಅವರ ಕಾರಿನಲ್ಲಿ ನಿನ್ನನ್ನು ಜಗಳೂರಿಗೆ ಸಾಗಿಸಿ, ಅಲ್ಲಿಂದ ತಾವೂ ಜೊತೆಯಾಗಿ ಇಲ್ಲಿಗೆ ಕರೆತಂದರು. ನಾನು ಹೂವಿನ ಹಾಳೆಯನ್ನೇ ಎತ್ತಿಕೊಂಡು ಬಂದೆ. ಡಾಕ್ಟರಿಗೆ ತೋರಿಸಿ ಇದನ್ನೇ ಕುಡಿದದ್ದು ಅಂದೆ.

ನೀನು ಬಂದಾಗ ಬಡಿತ ನಿಮಿಷಕ್ಕೆ ಮೂವತ್ತೆಂಟು ಇತ್ತು. ಈಗ ಐವತ್ತು ದಾಟಿದೆ. ಮಗುವಿನ ಬಡಿತ ಇದೆ, ಮೇಘಾ. ನನ್ನ ಕಿವಿಯಾರೆ ಕೇಳಿಸಿದರು.

ವಾಣಿ


ಕತ್ತಲಗೆರೆ, ಚನ್ನಗಿರಿ ತಾಲ್ಲೂಕು
12 ಜನವರಿ 2025

ವಾಣಕ್ಕ,

ಅಪ್ಪ ಇಲ್ಲಿಗೆ ಕರ್ಕೊಂಡು ಬಂದು ಹದಿನೈದು ದಿನ ಆತು. ಬಿಳೀದು ಬಿಳೀ ಕಾಣ್ತೈತೆ. ಹಾಲು ಮಾತ್ರ ಕುಡಿಯಾಕೆ ಆಗಲ್ಲ, ಲೋಟ ಮುಂದಿಟ್ರೆ ದೂರ ಸರಿಸ್ತೀನಿ. ಕೂಸು ಒದೀತೈತೆ.

ಅತ್ತೆ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಮೊನ್ನೆ ಇವರು ಬಂದಾಗ ಹೇಳಿದ್ರು. ನನ್ನನ್ನ ಕಾರಿಗೆ ಹತ್ತಿಸಿದ ಮೇಲೆ ಅತ್ತೆ ಒಳಗೆ ಹೋಗಿ, ಒಣಗಿಸಿಟ್ಟಿದ್ದ ಅಷ್ಟನ್ನೂ ಹಾಲಿಗೆ ಹಾಕ್ಕೊಂಡು ಕುಡಿದುಬಿಟ್ಟಿದ್ರಂತೆ. ರಂಗಣ್ಣ ನೋಡೋ ಹೊತ್ತಿಗೆ ಹೊಸ್ತಿಲ ಮೇಲೆ ಗೋಡೆಗೆ ಒರಗಿ ಕೂತಿದ್ರು.

"ಯಾಕಮ್ಮಾ ಹಿಂಗ್ ಮಾಡ್ಕೊಂಡ್ರಿ?"

"ಸಾಯಾಕಲ್ಲ ರಂಗಣ್ಣ. ಆ ಹುಡುಗಿಗೆ ಏನು ಕುಡಿಸಿದೀನಿ ಅಂತ ನನಗೂ ಗೊತ್ತಾಗ್ಬೇಕಲ್ಲ." ಆಮೇಲೆ ಓಣಿ ಕಡೆ ನೋಡ್ತಾ, "ಎಲ್ಲಾ ಬಂಗಾರದ್ದಾಗೈತೆ ನೋಡು. ಇಷ್ಟು ಚಂದ ಇದ್ರೆ ಯಾರು ಹೆದರ್ತಾರೆ?" ಅಂದ್ರಂತೆ.

ಜಗಳೂರಿನ ಆಸ್ಪತ್ರೇಲಿ ಎಂಟು ದಿನ ಇದ್ರು. ಬದುಕಿದ್ರು. ಈಗ ಮಾತು ಕಮ್ಮಿ ಅಂತೆ.

ಇವರೂ ರಂಗಣ್ಣನೂ ಸೇರಿ ಗಿಡ ಎಲ್ಲಾ ಅಗೆದು ಸುಟ್ರು. ಗೇಣುದ್ದ ಅಗೆದ್ರೆ ಸಾಕು ಅಂದ್ಕೊಂಡಿದ್ರಂತೆ, ಮೊಳ ಅಗೆದ್ರೂ ಗೆಡ್ಡೆ ಸಿಗ್ತಾನೇ ಹೋದ್ವಂತೆ. ಅಡಿಕೆ ಗಾತ್ರ, ಮೇಲೆ ನಾರಿನ ಬಲೆ. ಹೋದ ವರ್ಷದ ಗೆಡ್ಡೆ ಕೆಳಗೆ ಸತ್ತು ಚಪ್ಪಟೆ ಆಗಿರ್ತೈತಂತೆ, ಅದರ ನೆತ್ತಿ ಮೇಲೆ ಈ ವರ್ಷದ್ದು. ಬೇರು ಕೆಳಕ್ಕೆ ಹೋಗಿದ್ದಲ್ಲ, ಆ ಬೇರುಗಳೇ ಗೆಡ್ಡೇನ ಕೆಳಕ್ಕೆ ಎಳ್ಕೊಂಡು ಹೋಗಿದ್ದು ಅಂತಾನೆ ರಂಗಣ್ಣ. ಹೌದಾ ಅಕ್ಕ?

ಆಮೇಲೆ ಹಗೇವಿನ ಚಪ್ಪಡಿ ಸರಿಸಿದ್ರು. ಗಾಳಿ ಕೆಟ್ಟಿದ್ರೆ ದೀಪ ಆರ್ತೈತಲ್ಲ, ಅದಕ್ಕೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ರು. ಆರಲಿಲ್ಲ. ಕೆಳಗೆ ತುಂಬಾ ಎಲೆ. ಮಣ್ಣಿನ ಬಿರುಕಿಂದ ಉದುರಿದ ಮರಿಗೆಡ್ಡೆಗಳು ಕತ್ತಲಲ್ಲೇ ಚಿಗುರಿ, ಬಿಸಿಲು ಕಾಣದೆ ಬೆಳ್ಳಗೆ, ಮುದುಕಿ ತಲೆಗೂದಲು ಹರವಿದಂಗೆ. ಲಾಟೀನು ತೂಗಿದ ಕಡೆಗೆಲ್ಲಾ ಆ ಎಲೆಗಳೂ ಹೊರಳಿದಂಗೆ ಕಂಡಿತಂತೆ, ನೆರಳಿರಬೇಕು. ನಡುವೆ ಒಂದು ಬಿಳೀ ದಂಟು, ಅದರ ಮೇಲೆ ಪೂರಾ ಬಿಚ್ಚಿದ ಹೂ. ಇವರು ಗಡಿಯಾರ ನೋಡ್ಕೊಂಡ್ರು. ಮೂರೂವರೆ. ಆ ಕತ್ತಲಿಗೆ ಯಾರು ಹೇಳಿದ್ರು ಅಕ್ಕ, ಮೂರಾತು ಅಂತ?

ಹಗೇವಿಗೆ ಸುಣ್ಣ ಸುರಿದು ಮುಚ್ಚಿದಾರೆ.

ಅತ್ತೆ ಒಂದೇ ಮಾತು ಕೇಳ್ತಾರಂತೆ, ಅದು ನಮ್ಮ ಮನೆಗೇ ಯಾಕೆ ಬಂತು ಅಂತ. ತಾವು ಯಾವುದೋ ಜನ್ಮದಲ್ಲಿ ಮಾಡಿದ ಪಾಪವೇ ಗಿಡ ಆಗಿ ಎದ್ದೈತೆ ಅಂತ ನಂಬಿಬಿಟ್ಟಿದಾರೆ. ನಿನಗೆ ಗೊತ್ತಿದ್ರೆ ಬರಿ, ಹಕ್ಕಿ ಅಂದ್ರೆ ಅವರು ಒಪ್ಪಲ್ಲ.

ಮೇಘಾ


ಹೊನ್ನಾಳಿ
30 ಜನವರಿ 2025

ಮೇಘಾ,

ಈ ಕಾಗದವನ್ನು ನಾಲ್ಕು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ.

ಹಕ್ಕಿ ಅಂತ ಬರೆಯುವಾಗಲೇ ನನಗೆ ಅನುಮಾನವಿತ್ತು. ನಿನ್ನ ಮದುವೆಗೆ ನಾನು ಕೊಟ್ಟ ಉಡುಗೊರೆ ನಿನಗೆ ಮರೆತಿರಬಹುದು. ಸೀರೆಯ ಜೊತೆ ಒಂದು ಬಟ್ಟೆ ಚೀಲದಲ್ಲಿ ಹೂವಿನ ಗೆಡ್ಡೆಗಳಿದ್ದವು. ನ್ಯಾಮತಿಯಲ್ಲಿ ಬಸ್ಸಿಗೆ ಕಾಯುವಾಗ ತಳ್ಳುಗಾಡಿಯವನೊಬ್ಬನ ಹತ್ತಿರ ಕೊಂಡೆ. "ಗ್ಲಾಡಿಯೋಲಸ್ ಮೇಡಂ, ಎಲ್ಲಾ ಬಣ್ಣ ಮಿಕ್ಸ್" ಅಂದಿದ್ದ. ಅದರಲ್ಲಿ ಏಳೆಂಟು ಸಣ್ಣವಿದ್ದವು, ನಾರಿನ ಬಲೆ ಸುತ್ತಿದ್ದವು. ಗ್ಲಾಡಿಯೋಲಸ್ ಗೆಡ್ಡೆಯ ಸಿಪ್ಪೆ ಹಾಗಿರುವುದಿಲ್ಲ. ಇವು ಬೇರೆ ಏನೋ ಅಂತ ನನಗೆ ಆಗಲೇ ಗೊತ್ತಾಯಿತು. ಬಸ್ಸು ಬಂತು, ಹತ್ತಿದೆ.

ನೀನು ಅವನ್ನು ಬಚ್ಚಲ ನೀರು ಹೋಗುವಲ್ಲಿ ನೆಟ್ಟಿದ್ದೆ. ಗ್ಲಾಡಿಯೋಲಸ್ ಒಂದು ವರ್ಷ ಹೂ ಬಿಟ್ಟು ಕೊಳೆತುಹೋದವು ಅಂತ ಫೋನಿನಲ್ಲಿ ಹೇಳಿದ್ದೆ. ಸಣ್ಣವು ಕೊಳೆಯಲಿಲ್ಲ. ಇಲಿಯೋ ಮಳೆ ನೀರೋ ಮರಿಗೆಡ್ಡೆಗಳನ್ನು ಹಗೇವಿನ ಕಡೆ ಒಯ್ದಿರಬೇಕು. ಮೊದಲ ಮೂರು ಸಲ ಆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಆಗ ಇದು ಹೂ ಬಿಟ್ಟಿರಲೇ ಇಲ್ಲ. ಡಾಕ್ಟರನ್ನೂ ಕೇಳಿದೆ. ನಿನ್ನ ಸಮಾಧಾನಕ್ಕಿಂತ ಹೆಚ್ಚಾಗಿ ನನ್ನದಕ್ಕೇ ಕೇಳಿದ್ದು.

ಮೊದಲ ಕಾಗದ ಬರೆದಾಗ ಹೂ ಬಿಡಿಸಿ ನೋಡಿರಲಿಲ್ಲ. ಎಣಿಸಿದೆ, ಅಷ್ಟೇ. ನಿಮ್ಮ ಅತ್ತೆ ನನ್ನ ವಿದ್ಯೆಗೆ ಕೈ ಮುಗಿದ ದಿನ ಬಾಯಿ ಬಿಟ್ಟಿದ್ದರೆ ನಿನಗೆ ಒಂದು ವಾರದ ಹಾಲು ತಪ್ಪುತ್ತಿತ್ತು. ಅವರ ಕಣ್ಣಲ್ಲಿ ಸಣ್ಣವಳಾಗುತ್ತೇನೆ ಅಂತ ಸುಮ್ಮನಾದೆ.

ಇದನ್ನು ಅವರಿಗೆ ಹೇಳುವುದೋ ಬೇಡವೋ ನಿನಗೆ ಬಿಟ್ಟಿದ್ದೇನೆ.

ವಾಣಿ


ಕತ್ತಲಗೆರೆ
29 ಮಾರ್ಚ್ 2025

ವಾಣಕ್ಕ,

ಎರಡು ತಿಂಗಳು ನಿನಗೆ ಬರೀಲಿಲ್ಲ. ಬರೆದ್ರೆ ಏನು ಬರೀತೀನೋ ಅಂತ ನನಗೇ ಹೆದರಿಕೆ ಆಗಿತ್ತು.

ಹದಿನೆಂಟನೇ ತಾರೀಕು ಚನ್ನಗಿರಿಯಲ್ಲಿ ಹೆರಿಗೆ ಆತು. ಹೆಣ್ಣು. ದಿನ ತುಂಬೋಕೆ ಮುಂಚೆ ಹುಟ್ಟಿದಾಳೆ, ಎರಡು ಕೇಜಿಗೆ ಸ್ವಲ್ಪ ಕಮ್ಮಿ. ಎದೆ ಪರೀಕ್ಷೆ ಮಾಡಿಸಿದ್ವಿ, ಚೆನ್ನಾಗೈತೆ ಅಂದ್ರು. ಅಳು ಮಾತ್ರ ಊರಿಗೇ ಕೇಳ್ತೈತೆ.

ಅತ್ತೆ ಬಂದು ಒಂದು ವಾರ ಆತು. ಬಾಣಂತಿ ಕೆಲಸ ಎಲ್ಲಾ ಮಾಡ್ತಾರೆ. ನೀರು ಕಾಯಿಸ್ತಾರೆ, ಬಟ್ಟೆ ಒಗೀತಾರೆ, ಸಾಂಬ್ರಾಣಿ ಹೊಗೆಗೆ ಕೆಂಡ ಮಾಡ್ತಾರೆ. ಕೂಸನ್ನ ಮುಟ್ಟಲ್ಲ. ನನಗೆ ಅಡುಗೆ ಮಾಡಲ್ಲ. ತೊಡೆ ಮೇಲೆ ಹಾಕಾಕೆ ಹೋದ್ರೆ ಎರಡೂ ಕೈ ಸೆರಗಿನೊಳಗೆ ಮುಚ್ಕೊಂಡು ಹಿಂದಕ್ಕೆ ಸರೀತಾರೆ.

"ಎತ್ಕೊಳ್ಳಿ ಅತ್ತೆ, ನಿಮ್ಮ ಮೊಮ್ಮಗಳು."

"ಈ ಕೈ ಬೇಡವ್ವ. ಈ ಕೈ ಏನು ಮಾಡ್ತು ಅಂತ ನೀನು ಮರೆತ್ರೂ ನಾನು ಮರೆಯಲ್ಲ."

ನಾನು ಏನು ಹೇಳಿದ್ರೂ ಕೇಳಲ್ಲ. ತಪ್ಪೆಲ್ಲಾ ತಮ್ಮದೇ, ಪಾಪ ತಮ್ಮದೇ ಅಂತ ಒಬ್ಬರೇ ಹೊತ್ಕೊಂಡು ಕೂತಿದಾರೆ.

ನಿನಗೆ ಬಿಟ್ಟಿದ್ದೇನೆ ಅಂತ ಬರೆದಿದ್ದೀಯಲ್ಲ. ನನಗೆ ಬಿಡಬೇಡ. ನಾನು ಅವರಿಗೆ ಒಂದು ಮಾತೂ ಹೇಳಿಲ್ಲ, ಹೇಳೋದೂ ಇಲ್ಲ. ನಿನ್ನ ಮೇಲೆ ನನಗೆ ಕೋಪ ಐತೆ, ಅದು ನಮ್ಮಿಬ್ಬರದು, ಆಮೇಲೆ ನೋಡ್ಕೊಳ್ಳೋಣ. ನೀನು ಬಂದು ಅವರ ಎದುರು ಕೂತು, ಗೆಡ್ಡೆ ತಂದಿದ್ದು ನಾನು, ನೋಡದೇ ಬರೆದಿದ್ದು ನಾನು, ಫೋನಿನಲ್ಲಿ ಸುಮ್ಮನಾಗಿದ್ದೂ ನಾನೇ ಅಂತ ನಿನ್ನ ಬಾಯಿಂದ ಹೇಳ್ಬೇಕು. ಅವರು ಬೈತಾರೆ, ಬೈಸ್ಕೋ. ಅವರು ಯಾರನ್ನಾದ್ರೂ ಬಾಯ್ತುಂಬ ಬೈದು ನಾಲ್ಕು ತಿಂಗಳಾತು.

ಈಗ ಕೂಸು ಅಳ್ತಾ ಐತೆ. ನಾನು ಬೇಕಂತಲೇ ಎತ್ಕೊಂಡಿಲ್ಲ. ಅವರು ಬಾಗಿಲ ತನಕ ಬಂದು ನಿಂತಿದಾರೆ, ಕೈ ಸೆರಗಿನೊಳಗೇ ಐತೆ. ಈ ಕಾಗದ ಸಿಕ್ಕಿದ ದಿನವೇ ಬಸ್ಸು ಹತ್ತು.

ಮೇಘಾ